ಬೆಳ್ಳಿಹಬ್ಬದ ಊಟ ಗದ್ದಲವಿಲ್ಲದೆ ಆಗಬೇಕಾದರೆ

ಪ್ರಶ್ನೆ: ನಾವು ಹಾಸನದವರು. ಬರುವ ಮೇ ತಿಂಗಳ ಒಂದು ಶನಿವಾರ ನಮ್ಮ ಮದುವೆಗೆ 25 ವರ್ಷ ತುಂಬುತ್ತದೆ. ಪಾರ್ಟಿ ಹಾಲ್ ಹಿಡಿದು ನೂರೈವತ್ತು ಜನರನ್ನು ಕರೆಯಬೇಕೆಂದು ಮಕ್ಕಳಿಗೆ ಆಸೆ. ನಮಗಿಬ್ಬರಿಗೂ ಅದು ಬೇಡ. ಎಲ್ಲಾದರೂ ಒಳ್ಳೆಯ ಕಡೆ ಕೂತು ನೆಮ್ಮದಿಯಾಗಿ ರಾತ್ರಿ ಊಟ ಮಾಡಿ ಬರೋಣ ಅಂದುಕೊಂಡಿದ್ದೇವೆ. ಆದರೆ ಹೋದ ವರ್ಷ ಹೀಗೇ ಹೋಗಿ ಸಾಕುಸಾಕಾಗಿ ಬಂದೆವು. ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಎಂಟೂವರೆಗೆ ಆರ್ಡರ್ ಕೊಟ್ಟರೆ ಊಟ ಬಂದದ್ದು ಒಂಬತ್ತೂಕಾಲಿಗೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಕೂತಿದ್ದ ನಮ್ಮ ಯಜಮಾನರಿಗೆ ಕೈ ನಡುಗಿ ಮೈ ಬೆವರಿತು. ಅವರಿಗೆ ಎಡಗಿವಿ ಬೇರೆ ಸ್ವಲ್ಪ ಮಂದ. ಕೊನೆಗೆ ಹುಡುಗರು ಕೇಕ್ ತಂದು ಸ್ಪೀಕರಿನಲ್ಲಿ ಹಾಡು ಹಾಕಿದರು, ಇಡೀ ಹಾಲು ತಿರುಗಿ ನೋಡಿತು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿತ್ತು. ಈ ಸಲ ಚಿಕ್ಕಮಗಳೂರಿನ ಕಡೆ ಯಾವುದಾದರೂ ರೆಸಾರ್ಟಿನಲ್ಲಿ ಕ್ಯಾಂಡಲ್ ಲೈಟ್ ಡಿನ್ನರ್ ಪ್ಯಾಕೇಜ್ ತೆಗೆದುಕೊಂಡರೆ ಸರಿಹೋಗುತ್ತದೆಯೇ? ದಿನ ಬದಲಾಯಿಸಬೇಡಿ, ಒಳ್ಳೆಯದಲ್ಲ ಅಂತ ಅತ್ತೆ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ತೊಂದರೆಗಳಿವೆ. ಆದರೆ ಗದ್ದಲ, ಊಟ ತಡವಾದದ್ದು, ಯಜಮಾನರ ಸುಸ್ತು ಈ ಮೂರಕ್ಕೂ ಮೂಲ ಒಂದೇ: ನೀವು ಕೂತ ಹೊತ್ತು. ಹೋಟೆಲ್ ಕೆಲಸದಲ್ಲಿರುವವರಿಗೆ ಇದು ದಿನವೂ ಕಾಣುವ ಸಂಗತಿ. ನೆಮ್ಮದಿಯ ಊಟಕ್ಕೆ ದುಬಾರಿ ಜಾಗವೇ ಬೇಕು ಎಂದು ಬಹಳ ಜನ ನಂಬಿದ್ದಾರೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಮೇಜು ಎಂಬ ಮೂರನ್ನು ಸರಿ ಮಾಡಿಕೊಂಡರೆ ನಿಮ್ಮ ಬೀದಿಯ ಸಾಧಾರಣ ಫ್ಯಾಮಿಲಿ ರೆಸ್ಟೋರೆಂಟಿನಲ್ಲೂ ಅದು ಸಿಗುತ್ತದೆ. ಮೂರೂ ತಪ್ಪಿದರೆ ಹತ್ತು ಸಾವಿರ ಕೊಟ್ಟ ಜಾಗದಲ್ಲೂ ಸಿಗುವುದಿಲ್ಲ.

ಮೊದಲು ದಿನದ ಮಾತು. ನಮ್ಮಲ್ಲಿ ಮದುವೆಗಳು ಹೆಚ್ಚಾಗಿ ಆಗುವುದು ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠದಲ್ಲಿ. ಹಾಗಾಗಿ ವಾರ್ಷಿಕೋತ್ಸವಗಳೂ ಮದುವೆ ಸೀಸನ್ನಿಗೇ ಬಂದು ಕೂರುತ್ತವೆ. ಕಲ್ಯಾಣ ಮಂಟಪಗಳಿಗೆ ಬಂದ ನೆಂಟರು ಅಕ್ಕಪಕ್ಕದ ಹೋಟೆಲುಗಳನ್ನು ತುಂಬಿರುತ್ತಾರೆ. ಮೇ ಅಂದರೆ ಶಾಲೆಗೆ ರಜೆ ಬೇರೆ, ಶುಕ್ರವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗೆ ಬೆಂಗಳೂರಿನ ಕಾರುಗಳು ಚಿಕ್ಕಮಗಳೂರಿನಲ್ಲೇ ಇರುತ್ತವೆ. ಮೇ ತಿಂಗಳ ಶನಿವಾರದ ರಾತ್ರಿ ಎರಡೂ ಊರುಗಳಲ್ಲಿ ಶಾಂತವಾದ ಮೇಜು ಹುಡುಕುವುದು ವರ್ಷದಲ್ಲೇ ಅತಿ ಕಷ್ಟದ ಕೆಲಸ.

ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ಮುಹೂರ್ತ ಇಟ್ಟದ್ದು ಪಂಚಾಂಗದ ತಿಥಿಗೆ, ನೀವು ಆಚರಿಸುತ್ತಿರುವುದು ಕ್ಯಾಲೆಂಡರಿನ ತಾರೀಕಿಗೆ. ಇವೆರಡೂ ಒಂದೇ ದಿನ ಬರುವುದು ಅಪರೂಪ. ಶನಿವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಬಂದು, ಮನೆಯಲ್ಲಿ ಅತ್ತೆಯವರ ಜೊತೆ ಒಂದು ಸಿಹಿ ಮಾಡಿ ಉಣ್ಣಿ. ಹೋಟೆಲಿನ ಊಟವನ್ನು ಮುಂದಿನ ಮಂಗಳವಾರಕ್ಕೋ ಬುಧವಾರಕ್ಕೋ ಇಟ್ಟುಕೊಳ್ಳಿ. ಸೋಮವಾರ ಬೇಡ. ವಾರಾಂತ್ಯದ ಸಾಮಾನು ಮುಗಿದಿರುತ್ತದೆ, ಕೆಲವು ಕಡೆ ಮುಖ್ಯ ಅಡುಗೆಯವರಿಗೆ ರಜೆ ಇರುತ್ತದೆ. ಗುರುವಾರ ಸಂಜೆಯಿಂದ ಮತ್ತೆ ಜನ ಏರತೊಡಗುತ್ತಾರೆ. ನಿಮ್ಮ ತಾರೀಕು ಬೇರೆ ತಿಂಗಳಲ್ಲಿ ಬಂದಿದ್ದರೆ ಇನ್ನೂ ಎರಡು ಎಚ್ಚರ ಹೇಳುತ್ತಿದ್ದೆ: ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವಷ್ಟು ದಿನ ಹಾಸನದಲ್ಲಿ, ಡಿಸೆಂಬರಿನ ದತ್ತ ಜಯಂತಿ ಹೊತ್ತಿಗೆ ಚಿಕ್ಕಮಗಳೂರಿನಲ್ಲಿ ಇಂಥ ಊಟವನ್ನು ಇಟ್ಟುಕೊಳ್ಳಬಾರದು.

ಇನ್ನು ಹೊತ್ತು. ಹೆಚ್ಚಿನ ಹೋಟೆಲುಗಳಲ್ಲಿ ರಾತ್ರಿಯ ನೂಕುನುಗ್ಗಲು ಎಂಟೂಕಾಲಿನಿಂದ ಒಂಬತ್ತೂವರೆಯವರೆಗೆ. ಆಗ ಅಡುಗೆಮನೆಯೊಳಗೆ ಏನಾಗುತ್ತದೆ ಎಂದರೆ, ಸಪ್ಲೈಯರ್ ಬರೆದುಕೊಂಡ ಆರ್ಡರ್ ಕೆಒಟಿ, ಅಂದರೆ ಅಡುಗೆಯವರಿಗೆ ಕೊಡುವ ಆರ್ಡರ್ ಚೀಟಿಯಾಗಿ ಹೋಗುತ್ತದೆ. ಚೀಟಿಗಳು ಸರತಿಯಲ್ಲಿ ನಿಲ್ಲುತ್ತವೆ. ಆ ಸರತಿಯಲ್ಲಿ ಕೂತ ಗಿರಾಕಿಗಳಷ್ಟೇ ಇರುವುದಿಲ್ಲ, ಮೊಬೈಲ್ ಆ್ಯಪಿನ ಪಾರ್ಸೆಲ್‌ಗಳೂ ಇರುತ್ತವೆ, ಅವು ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಅರ್ಧ ಖಾಲಿ ಹಾಲಿನಲ್ಲೂ ಊಟ ಮುಕ್ಕಾಲು ಗಂಟೆ ತಡವಾಗುವುದಕ್ಕೆ ಇದೇ ಕಾರಣ. ತಂದೂರ್ ಒಲೆ ಒಂದೇ, ಅದರ ಮುಂದೆ ನಿಲ್ಲುವವರೂ ಒಬ್ಬರೇ. ಇಬ್ಬರ ಮೇಜಿನ ನಾಲ್ಕು ರೊಟ್ಟಿಗಿಂತ ಹತ್ತು ಜನರ ಮೇಜಿನ ಇಪ್ಪತ್ತೈದು ರೊಟ್ಟಿ ಮೊದಲು ಹೋದರೆ ನಿಮ್ಮ ಪಲ್ಯ ಮೇಜಿನ ಮೇಲೆ ಆರುತ್ತಾ ಕೂರುತ್ತದೆ.

ಏಳು ಗಂಟೆಗೆ ಒಳಗೆ ಕೂತಿರಿ. ಏಳೂಕಾಲಿಗೆ ಆರ್ಡರ್ ಕೊಟ್ಟರೆ ಏಳೂಮುಕ್ಕಾಲಿಗೆ ಮುಖ್ಯ ಊಟ ಮೇಜಿಗೆ ಬರುತ್ತದೆ, ಎಂಟೂವರೆಗೆ ಜನ ಒಳಗೆ ಬರುವಾಗ ನೀವು ಸಿಹಿ ತಿನ್ನುತ್ತಿರುತ್ತೀರಿ. ಒಂದೇ ತೊಡಕೆಂದರೆ ಕೆಲವು ಸಸ್ಯಾಹಾರಿ ಹೋಟೆಲುಗಳಲ್ಲಿ ಏಳೂವರೆಯವರೆಗೂ ಸಂಜೆಯ ತಿಂಡಿಯೇ ನಡೆಯುತ್ತಿರುತ್ತದೆ. ರಾತ್ರಿ ಊಟ ಎಷ್ಟು ಗಂಟೆಗೆ ಶುರು ಎಂದು ಫೋನಿನಲ್ಲೇ ಕೇಳಿ.

ಗದ್ದಲದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಯಜಮಾನರ ಕಿವಿಯ ವಿಷಯ ಇದರಲ್ಲಿದೆ. ಇಬ್ಬರು ಎದುರುಬದುರು ಕೂತು ಆಡುವ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ಹಾಲಿನ ಸದ್ದು 70 ದಾಟಿದರೆ ಎಲ್ಲರೂ ತಮಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾರೆ. ಒಬ್ಬರು ಏರಿಸಿದ್ದಕ್ಕೆ ಪಕ್ಕದ ಮೇಜಿನವರೂ ಏರಿಸುತ್ತಾರೆ. ಇತ್ತೀಚೆಗೆ ಕಟ್ಟಿದ ರೆಸ್ಟೋರೆಂಟುಗಳಲ್ಲಿ ನೆಲಕ್ಕೆ ಗ್ರಾನೈಟ್, ಗೋಡೆಗೆ ಗಾಜು, ಮೇಲೆ ಬರಿಯ ಜಿಪ್ಸಂ ಸೀಲಿಂಗ್. ಸದ್ದನ್ನು ಹೀರುವ ವಸ್ತು ಒಂದೂ ಇಲ್ಲ, ಒಂದು ತಟ್ಟೆ ಇಟ್ಟ ಶಬ್ದವೂ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಮರದ ಮಾಡು, ದಪ್ಪ ಪರದೆ, ಬಟ್ಟೆ ಹೊದಿಸಿದ ಕುರ್ಚಿ ಇರುವ ಹಳೆಯ ಹಾಲು ನೋಡಲು ಮಂಕಾಗಿದ್ದರೂ ಮಾತಿಗೆ ಒಳ್ಳೆಯದು. ಇದನ್ನು ಪರೀಕ್ಷಿಸಲು ಹಿಂದಿನ ವಾರ ಅದೇ ವಾರದ ದಿನ, ಅದೇ ಹೊತ್ತಿಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ. ಕಣ್ಣಳತೆಗಿಂತ ಕಿವಿಯಳತೆ ಮುಖ್ಯ. ಸದ್ದು ಅಳೆಯುವ ಉಚಿತ ಆ್ಯಪ್‌ಗಳಿವೆ, ಲೆಕ್ಕ ಒರಟಾದರೂ 60ಕ್ಕೂ 75ಕ್ಕೂ ಇರುವ ವ್ಯತ್ಯಾಸವನ್ನು ತೋರಿಸುತ್ತವೆ.

ಅಲ್ಲಿ ಕೂತಾಗಲೇ ಮೇಜನ್ನು ಆರಿಸಿಕೊಳ್ಳಿ, ಅದರ ನಂಬರ್ ಕೇಳಿ ಬರೆದುಕೊಳ್ಳಿ. ಕೈತೊಳೆಯುವ ಬೇಸಿನ್, ಬಿಲ್ ಕೌಂಟರ್, ಪಾರ್ಸೆಲ್ ಕೊಡುವ ಜಾಗ, ಅಡುಗೆಮನೆಯ ತೂಗುಬಾಗಿಲು, ಟಿವಿ, ಎಸಿಯ ಬಾಯಿ, ಇವುಗಳಿಂದ ದೂರ ಇರಬೇಕು. ಇಬ್ಬರು ಕೂರುವ ಚಿಕ್ಕ ಮೇಜುಗಳನ್ನು ಸಾಮಾನ್ಯವಾಗಿ ಓಡಾಡುವ ದಾರಿಯಲ್ಲೇ ಹಾಕಿರುತ್ತಾರೆ, ಏಕೆಂದರೆ ಬೇರೆಲ್ಲೂ ಅವು ಕೂರುವುದಿಲ್ಲ. ವಾರದ ನಡುವೆ ಏಳು ಗಂಟೆಗೆ ಹೋದರೆ ಮೂಲೆಯ ನಾಲ್ಕು ಜನರ ಮೇಜನ್ನು ಕೇಳಿದರೂ ಕೊಡುತ್ತಾರೆ. ಶನಿವಾರ ಎಂಟೂವರೆಗೆ ಕೇಳಿದರೆ ಕೊಡುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ.

ಯಜಮಾನರಿಗೆ ಎಡಗಿವಿ ಮಂದ ಎಂದಿದ್ದೀರಿ. ಹಾಗಿದ್ದರೆ ಗೋಡೆ ಅವರ ಎಡಕ್ಕೆ ಬರಬೇಕು, ನೀವು ಎದುರಿನ ಬದಲು ಮೇಜಿನ ಮೂಲೆಯಲ್ಲಿ ಅವರ ಬಲಕ್ಕೆ ಕೂರಬೇಕು. ಎದುರು ಕೂತರೆ ನಡುವೆ ಒಂದು ಮೀಟರಿಗೂ ಹೆಚ್ಚು ಅಂತರವಾಗುತ್ತದೆ, ಮೂಲೆಯಲ್ಲಿ ಕೂತರೆ ಅರ್ಧ ಮೀಟರ್. ಅಂತರ ಅರ್ಧಕ್ಕಿಳಿದರೆ ಮಾತು ಎಷ್ಟೋ ಸ್ಪಷ್ಟವಾಗುತ್ತದೆ. ಕಿವಿ ಮಂದ ಇರುವವರು ಗೊತ್ತಿಲ್ಲದೆಯೇ ತುಟಿಯನ್ನೂ ನೋಡುತ್ತಿರುತ್ತಾರೆ, ಆದ್ದರಿಂದ ನಿಮ್ಮ ಮುಖದ ಮೇಲೆ ಬೆಳಕು ಬೀಳಬೇಕು.

ಕ್ಯಾಂಡಲ್ ಲೈಟ್ ಪ್ಯಾಕೇಜ್ ನಿಮಗೆ ಬೇಡ ಎನ್ನುವುದಕ್ಕೆ ಮೊದಲ ಕಾರಣ ಇದೇ. ಕತ್ತಲಲ್ಲಿ ಕೆಳಗಿನಿಂದ ಮಿಣುಕುವ ಬೆಳಕಿನಲ್ಲಿ ನಿಮ್ಮ ಮುಖ ಅವರಿಗೆ ಕಾಣುವುದಿಲ್ಲ, ತಟ್ಟೆಯ ಮೀನಿನ ಮುಳ್ಳೂ ಕಾಣುವುದಿಲ್ಲ. ಸುಗಂಧದ ಮೇಣದಬತ್ತಿ ಇಟ್ಟರಂತೂ ಅಡುಗೆಯ ಪರಿಮಳ ಅಲ್ಲಿಗೇ ಸತ್ತಿತು. ಎರಡನೆಯ ಕಾರಣ ಮೇ ತಿಂಗಳ ಹವೆ. ಈ ಪ್ಯಾಕೇಜುಗಳ ಮೇಜನ್ನು ಸಾಮಾನ್ಯವಾಗಿ ಹುಲ್ಲುಹಾಸಿನ ಮೇಲೋ ಈಜುಕೊಳದ ಪಕ್ಕದಲ್ಲೋ ಹಾಕುತ್ತಾರೆ. ಏಪ್ರಿಲ್, ಮೇ ಸಂಜೆಗಳಲ್ಲಿ ಮಲೆನಾಡಿನ ಅಂಚಿನಲ್ಲಿ ಗುಡುಗು ಮಳೆ ಯಾವಾಗ ಬೇಕಾದರೂ ಬರುತ್ತದೆ. ಮಳೆ ನಿಂತ ಮೇಲೆ ರೆಕ್ಕೆ ಬಂದ ಗೆದ್ದಲು ಇದ್ದಬದ್ದ ದೀಪಕ್ಕೆಲ್ಲ ಮುತ್ತುತ್ತವೆ. ಕರೆಂಟ್ ಹೋದರೆ ಜನರೇಟರ್ ಶುರು, ಅದು ಹುಲ್ಲುಹಾಸಿನ ಪಕ್ಕದಲ್ಲೇ ಇದ್ದರೆ ಮಾತು ಮುಗಿದಂತೆ. ಪ್ಯಾಕೇಜಿನ ಹಣದಲ್ಲಿ ದೊಡ್ಡ ಪಾಲು ಹೂವಿನ ಎಸಳು, ಬಲೂನು, ಮೇಜಿನ ಅಲಂಕಾರ, ಕೇಕಿಗೆ ಹೋಗುತ್ತದೆ. ನೀವು ಬೇಡ ಎನ್ನುತ್ತಿರುವುದೂ ಅದನ್ನೇ.

ಆದರೂ ರೆಸಾರ್ಟೇ ಬೇಕೆನಿಸಿದರೆ ಮುಂಗಡ ಕಟ್ಟುವ ಮೊದಲು ಇಷ್ಟನ್ನು ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ: ಮಳೆ ಬಂದರೆ ಒಳಗೆ ಯಾವ ಮೇಜು, ನಾವು ಬರಲಾಗದಿದ್ದರೆ ಎಷ್ಟು ಹಣ ವಾಪಸ್, ಆ ದಿನ ಬೇರೆ ಕಂಪನಿಯವರ ಪಾರ್ಟಿಯೋ ಕ್ಯಾಂಪ್‌ಫೈರೋ ಡಿಜೆಯೋ ಇದೆಯೇ, ತೆರಿಗೆ ಸೇರಿ ಒಟ್ಟು ಎಷ್ಟು. ಹೋಂಸ್ಟೇಗಳದ್ದು ಬೇರೆ ಲೆಕ್ಕ. ವಾರದ ನಡುವೆ ಅಲ್ಲಿ ಸಿಗುವಷ್ಟು ಮೌನ ಎಲ್ಲೂ ಸಿಗುವುದಿಲ್ಲ, ಅಕ್ಕಿರೊಟ್ಟಿ, ಕಡುಬು, ಕೋಳಿ ಸಾರು ಮನೆಯವರೇ ಮಾಡಿ ಬಡಿಸುತ್ತಾರೆ, ಮಳೆಗಾಲ ಹಿಡಿದಿದ್ದರೆ ಕಳಲೆಯೂ ಸಿಗಬಹುದು. ವಾರಾಂತ್ಯದಲ್ಲಿ ಅದೇ ಮನೆಯ ಅಂಗಳದಲ್ಲಿ ಹುಡುಗರ ಗುಂಪು ಸ್ಪೀಕರ್ ಇಟ್ಟುಕೊಂಡಿರುತ್ತದೆ. ಅಲ್ಲಿ ಮೆನು ಕಾರ್ಡ್ ಇರುವುದಿಲ್ಲ, ಏನು ಬೇಕೆಂದು ಹಿಂದಿನ ದಿನವೇ ಹೇಳಬೇಕು.

ದೂರದ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಸುಮಾರು 60 ಕಿಲೋಮೀಟರ್. ಹಗಲಿನಲ್ಲಿ ಒಂದೂವರೆ ಗಂಟೆ, ಮಳೆಯ ರಾತ್ರಿಯಲ್ಲಿ ಅದಕ್ಕಿಂತ ಹೆಚ್ಚು. ಊರು ದಾಟಿದ ಮೇಲೆ ಬೀದಿದೀಪವಿಲ್ಲ, ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆಯುತ್ತದೆ. ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟದ ಒಳರಸ್ತೆಗಳಲ್ಲಿ ರಾತ್ರಿ ಆನೆ ಓಡಾಟ ಇರುವುದು ನಿಮಗೂ ಗೊತ್ತು. ಗ್ಲಾಸು ಮುಟ್ಟುವ ಆಲೋಚನೆ ಇದ್ದರಂತೂ ಸ್ಟೀರಿಂಗ್ ಬೇರೆಯವರ ಕೈಯಲ್ಲಿರಬೇಕು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಚಿಕ್ಕಮಗಳೂರಿಗೇ ಹೋಗುವ ಮನಸ್ಸಿದ್ದರೆ ರಾತ್ರಿ ಅಲ್ಲೇ ಉಳಿಯಿರಿ, ಇಲ್ಲವೇ ಊಟವನ್ನು ಮಧ್ಯಾಹ್ನಕ್ಕೆ ತನ್ನಿ. ವಾರದ ನಡುವಿನ ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ಕೂತರೆ ರಾತ್ರಿಗಿಂತ ನೆಮ್ಮದಿ, ಬರುವಾಗ ಬೇಲೂರಿನಲ್ಲಿ ಚೆನ್ನಕೇಶವನ ದರ್ಶನ ಮಾಡಿ ಕತ್ತಲಾಗುವ ಮೊದಲು ಮನೆ ಸೇರಬಹುದು. ರಾತ್ರಿ ಊಟವೇ ಆಗಬೇಕೆಂದರೆ ನನ್ನ ಸಲಹೆ ಹಾಸನವೇ.

ಈಗ ಯಜಮಾನರ ಆರೋಗ್ಯ. ಕೈ ನಡುಕ, ಬೆವರು ಎಂದು ನೀವು ಬರೆದದ್ದು ಬರಿಯ ಹಸಿವಿನಂತೆ ಕಾಣುವುದಿಲ್ಲ, ರಕ್ತದ ಸಕ್ಕರೆ ತೀರಾ ಇಳಿದಾಗ ಹೀಗಾಗುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆಗಳು ಊಟ ಬಂದರೂ ಬಾರದಿದ್ದರೂ ತಮ್ಮ ಕೆಲಸ ಮಾಡುತ್ತವೆ. ಇನ್ಸುಲಿನ್ ಕೂಡ ಹಾಗೆಯೇ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಕಡಿಮೆ. ಅವರದ್ದು ಯಾವ ಮಾತ್ರೆ, ಹೊರಗೆ ಉಣ್ಣುವ ದಿನ ಯಾವಾಗ ನುಂಗಬೇಕು ಎಂಬುದನ್ನು ಅವರ ವೈದ್ಯರಲ್ಲೇ ಕೇಳಿ, ಹೋದ ವರ್ಷ ಆದದ್ದನ್ನೂ ಹೇಳಿ. ಹೋಟೆಲಿನ ಕಡೆಯಿಂದ ನಾನು ಹೇಳಬಹುದಾದ್ದು ಒಂದೇ: ‘ಹತ್ತು ನಿಮಿಷ ಸಾರ್’ ಎಂದು ಸಪ್ಲೈಯರ್ ಹೇಳಿದ ಮಾತನ್ನು ನಂಬಿ ಮಾತ್ರೆ ನುಂಗಬಾರದು. ಅಡುಗೆಮನೆಯ ಸರತಿ ಅವನಿಗೆ ಗೊತ್ತಿರುವುದಿಲ್ಲ. ಊಟ ಮೇಜಿನ ಮೇಲೆ ಕಣ್ಣಿಗೆ ಕಾಣಬೇಕು. ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೊಳ್ಳಿ. ಮತ್ತೆ ನಡುಕ ಬಂದರೆ ಮೂರು ಚಹಾ ಚಮಚ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ನೋಡಿ, ಇಳಿಯದಿದ್ದರೆ ಇನ್ನೊಮ್ಮೆ ಕೊಡಿ. ಚಾಕೊಲೇಟ್, ಐಸ್‌ಕ್ರೀಂ ಆ ಹೊತ್ತಿಗೆ ಆಗುವುದಿಲ್ಲ, ಕೊಬ್ಬಿರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಮಾತು ತೊದಲಿ ಮಂಪರಾದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಖಾಲಿ ಹೊಟ್ಟೆಗೆ ಮದ್ಯ ಬಿದ್ದರೆ ಸಕ್ಕರೆ ಇನ್ನಷ್ಟು ಇಳಿಯುತ್ತದೆ, ಅದೂ ನೆನಪಿರಲಿ.

ಆರ್ಡರ್ ಮಾಡುವಾಗ ಇಬ್ಬರಿಗೆ ಬೇಕಾದ್ದು ನಾವು ಅಂದುಕೊಳ್ಳುವುದಕ್ಕಿಂತ ಕಡಿಮೆ. ಒಂದು ಸೂಪನ್ನು ಎರಡು ಬಟ್ಟಲಿಗೆ ಹಾಕಿಸಿ, ಒಂದು ಸ್ಟಾರ್ಟರ್, ಒಂದು ಗ್ರೇವಿ, ತಲಾ ಎರಡು ರೊಟ್ಟಿ, ಒಂದು ಪ್ಲೇಟ್ ಅನ್ನದ ಬಗೆ, ಮೊಸರು. ಎರಡನೇ ಸ್ಟಾರ್ಟರ್ ತರಿಸಿದವರು ಮುಖ್ಯ ಊಟವನ್ನು ಪಾರ್ಸೆಲ್ ಕಟ್ಟಿಸಿಕೊಂಡು ಹೋಗುವುದೇ ಹೆಚ್ಚು. ಆರ್ಡರನ್ನು ಒಮ್ಮೆಲೇ ಹೇಳಿ, ಆದರೆ ‘ಸ್ಟಾರ್ಟರ್ ಮುಗಿದ ಮೇಲೆ ಹೇಳುತ್ತೇವೆ, ಆಮೇಲೆ ರೊಟ್ಟಿ ಹಾಕಿ’ ಎಂದು ಸೇರಿಸಿ. ತಂದೂರಿ ರೊಟ್ಟಿ ಐದು ನಿಮಿಷ ಕಳೆದರೆ ಚರ್ಮವಾಗುತ್ತದೆ, ಎರಡೆರಡಾಗಿ ತರಿಸಿಕೊಳ್ಳಿ. ಅಕ್ಕಿರೊಟ್ಟಿಗೂ ಇದೇ ಮಾತು. ಸ್ಟಾರ್ಟರ್ ಆರಿಸುವಾಗ ಗೋಬಿ ಮಂಚೂರಿಯಂಥ ಕಾರ್ನ್‌ಫ್ಲೋರ್ ಹೊದಿಕೆಯವನ್ನು ಬಿಟ್ಟು ಸುಟ್ಟ ಪನೀರ್, ಮೀನು, ಕೋಳಿ ತರಿಸಿದರೆ ಯಜಮಾನರ ಸಕ್ಕರೆಗೂ ಒಳ್ಳೆಯದು.

ಬಿಲ್ಲಿನ ವಿಷಯ. ಎಸಿ ಹಾಲಿನಲ್ಲಿ ತೆರಿಗೆ ಹೆಚ್ಚು ಎಂಬ ಮಾತು 2017ರ ನವೆಂಬರಿಗೇ ಮುಗಿಯಿತು. ಆಗಿನಿಂದ ಎಸಿ ಇರಲಿ ಬಿಡಲಿ ರೆಸ್ಟೋರೆಂಟಿನ ಊಟಕ್ಕೆ ಜಿಎಸ್‌ಟಿ ಶೇ 5. ಎಸಿ ಹಾಲಿನಲ್ಲಿ ಹೆಚ್ಚಾಗುವುದು ಮೆನು ದರ, ಅದು ಬೇರೆ ಕಾರ್ಡಿನಲ್ಲಿ ಇರುತ್ತದೆ, ಕೂರುವ ಮೊದಲು ನೋಡಿ. ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಯ ಕೋಣೆಗಳಿರುವ ಹೋಟೆಲ್, ರೆಸಾರ್ಟಿನೊಳಗಿನ ರೆಸ್ಟೋರೆಂಟಿನಲ್ಲಿ ಸಾಮಾನ್ಯವಾಗಿ ಶೇ 18. ಅಂದರೆ 1,600 ರೂಪಾಯಿ ಊಟಕ್ಕೆ ಊರೊಳಗಿನ ಹೋಟೆಲಿನಲ್ಲಿ 1,680 ಆದರೆ ಅಲ್ಲಿ 1,888.

ಸರ್ವಿಸ್ ಚಾರ್ಜ್ ತೆರಿಗೆಯಲ್ಲ, ಸರ್ಕಾರಕ್ಕೆ ಹೋಗುವ ಹಣವೂ ಅಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ 1,600ಕ್ಕೆ ಶೇ 10 ಸೇರಿಸಿದರೆ 160, ಅದರ ಮೇಲೂ ಜಿಎಸ್‌ಟಿ ಬಿದ್ದು ಒಟ್ಟು 1,848 ಆಗುತ್ತದೆ. ಕೂಗಾಡಬೇಕಿಲ್ಲ, ‘ಇದನ್ನು ತೆಗೆದು ಬೇರೆ ಬಿಲ್ ಕೊಡಿ’ ಎಂದರೆ ಸಾಕು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆದರೆ ಆ ರಾತ್ರಿಯೇ ಜಗಳಕ್ಕೆ ಇಳಿಯಬೇಡಿ, ಬಿಲ್ಲಿನ ಫೋಟೋ ತೆಗೆದುಕೊಂಡು ಮರುದಿನ ದೂರು ಕೊಟ್ಟರೂ ಆಗುತ್ತದೆ. ಚೆನ್ನಾಗಿ ನೋಡಿಕೊಂಡ ಹುಡುಗನಿಗೆ ನೀವು ಕೈಯಾರೆ ಕೊಡುವ ಟಿಪ್ಸ್ ಬೇರೆ, ಅದು ಖಂಡಿತ ಕೊಡಿ. ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದ್ದರೆ ಮಾತ್ರ ವಾದ ಮಾಡಿ ಪ್ರಯೋಜನವಿಲ್ಲ. ಕೂರಿಸಿ ಬಡಿಸುವ ಹೋಟೆಲುಗಳಿಗೆ ಅದಕ್ಕೆ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಅವಕಾಶ ಕೊಟ್ಟಿದೆ.

ಕೇಕಿನ ಮುಜುಗರ ಬಂದದ್ದು ಬುಕಿಂಗ್ ಮಾಡುವಾಗ ‘ಆ್ಯನಿವರ್ಸರಿ’ ಎಂದು ಹೇಳಿದ್ದರಿಂದ ಇರಬೇಕು. ಆ ಪದ ಕಿವಿಗೆ ಬಿದ್ದರೆ ಸಿಬ್ಬಂದಿ ಪ್ರೀತಿಯಿಂದಲೇ ಕೇಕ್, ಹಾಡು ಏರ್ಪಾಡು ಮಾಡುತ್ತಾರೆ, ಅವರಿಗೆ ಹಾಗೆ ತರಬೇತಿ ಕೊಟ್ಟಿರುತ್ತಾರೆ. ಈ ಸಲ ಮಧ್ಯಾಹ್ನ ಮೂರರಿಂದ ಐದರ ನಡುವೆ, ಅವರಿಗೆ ಬಿಡುವಿರುವಾಗ, ಮ್ಯಾನೇಜರ್ ಜೊತೆಯೇ ಮಾತಾಡಿ: ‘ಬುಧವಾರ ಏಳು ಗಂಟೆಗೆ ಇಬ್ಬರು ಬರುತ್ತೇವೆ. ಇಂಥ ನಂಬರಿನ ಮೂಲೆಯ ಮೇಜು ಬೇಕು. ಮನೆಯವರಿಗೆ ಸಕ್ಕರೆ ಕಾಯಿಲೆ, ಏಳೂಮುಕ್ಕಾಲಿಗೆ ಊಟ ಬರಬೇಕು. ಕೇಕ್, ಹಾಡು, ಬಲೂನು ಏನೂ ಬೇಡ. ಆ ಮೂಲೆಯ ಸ್ಪೀಕರಿನ ದನಿ ಸ್ವಲ್ಪ ಇಳಿಸಿ.’ ಆ ದಿನ ಬೆಳಿಗ್ಗೆ ಇನ್ನೊಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಮಧ್ಯಾಹ್ನದ ಮ್ಯಾನೇಜರ್ ರಾತ್ರಿಗೆ ಇರದಿರಬಹುದು, ರಾತ್ರಿ ಯಾರು ಇರುತ್ತಾರೆ ಎಂದು ಕೇಳಿ ಅವರ ಹೆಸರು ತಿಳಿದುಕೊಳ್ಳಿ.

ಮಕ್ಕಳ ಆಸೆಯನ್ನು ಪೂರಾ ತಳ್ಳಬೇಡಿ, ಅದರಲ್ಲಿ ತಪ್ಪೇನಿಲ್ಲ. ನೂರೈವತ್ತು ಜನರ ಬದಲು ಭಾನುವಾರ ಮಧ್ಯಾಹ್ನ ಮನೆಯಲ್ಲೇ ಹತ್ತಿರದ ಇಪ್ಪತ್ತು ಜನರಿಗೆ ಊಟ ಹಾಕಿಸುವ ಜವಾಬ್ದಾರಿ ಅವರಿಗೇ ಬಿಡಿ. ಅಡುಗೆಯವರನ್ನು ಕರೆಸಲಿ, ಫೋಟೋ ತೆಗೆಯಲಿ, ಕೇಕ್ ಬೇಕಿದ್ದರೆ ಅಲ್ಲೇ ಕತ್ತರಿಸಲಿ. ನಿಮ್ಮಿಬ್ಬರ ಊಟ ಯಾವ ಹೋಟೆಲಿನಲ್ಲಿ ಎಂಬುದನ್ನು ಮಾತ್ರ ಅವರಿಗೆ ಮೊದಲೇ ಹೇಳಬೇಡಿ. ಬೆಂಗಳೂರಿನಲ್ಲಿ ಕೂತು ಫೋನಿನಲ್ಲೇ ಅಪ್ಪ ಅಮ್ಮನಿಗೆ ಸರ್ಪ್ರೈಸ್ ಕೇಕ್ ಆರ್ಡರ್ ಮಾಡುವ ಮಕ್ಕಳು ಬೇಕಾದಷ್ಟಿದ್ದಾರೆ. ನಿಮ್ಮ ಮೇಜಿಗೆಂದು ಬೇರೆ ಯಾರಿಂದ ಫೋನ್ ಬಂದರೂ ಮೊದಲು ನಿಮ್ಮನ್ನು ಕೇಳಬೇಕೆಂದು ಮ್ಯಾನೇಜರಿಗೆ ಒಂದು ಮಾತು ಹೇಳಿಡಿ.